ಮದುವೆ ನೋಟಿಸ್ ಗೋಡೆಗೆ ಯಾಕೆ?

ಮಾನ್ಯರೇ,

ವಯಸ್ಸಿಗೆ ಬಂದ ಇಬ್ಬರ ಮದುವೆ ವಿಷಯವನ್ನು 30 ದಿನ ಮೊದಲೇ ಊರಿಗೆಲ್ಲ ಸಾರುವ ನಿಯಮ ಇನ್ನು ಬೇಡ.

ಜಾತಿ, ಧರ್ಮ ಯಾವುದೇ ಇದ್ದರೂ ಸರ್ಕಾರಿ ಅಧಿಕಾರಿಯ ಮುಂದೆ ಮದುವೆಯಾಗಲು ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯಡಿ, ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಲೆಂದು, ಮದುವೆಯಾಗುವವರ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಳೆದ ಮಳೆಗಾಲದಲ್ಲಿ ತೋಟದ ಪತ್ರಕ್ಕಾಗಿ ಒಂದು ಕಚೇರಿಯಲ್ಲಿ ಕಾಯುತ್ತಾ ಕೂತಿದ್ದೆ. ಫಲಕದಲ್ಲಿ ಥಂಡಿಗೆ ಅಂಚು ಮುದುಡಿದ ಒಂದು ನೋಟಿಸ್. ಪಕ್ಕದಲ್ಲಿದ್ದವರು ಕೊಡೆ ಮಡಚಿಟ್ಟು ಅದರ ಫೋಟೊ ತೆಗೆದರು. ‘ಇವಳು ನಮ್ಮ ಪಕ್ಕದ ಊರಿನವಳು ಅಲ್ವಾ?’ ಎಂದರು. ಕೊಡಗಿನಂಥ ಪುಟ್ಟ ಜಿಲ್ಲೆಯಲ್ಲಿ ಮನೆತನದ ಹೆಸರು ಕಂಡರೆ ಸಾಕು, ಮನೆಯೇ ಗೊತ್ತಾಗುತ್ತದೆ. ಸಂಜೆಯೊಳಗೆ ಆ ಹುಡುಗಿಯ ಬಾಗಿಲಿಗೆ ಯಾರ್‍ಯಾರು ಬಂದರೋ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಹೆತ್ತವರಿಗೆ ತಿಳಿಯಬೇಡವೇ ಎನ್ನುವವರಿದ್ದಾರೆ. ತಿಳಿಸುವುದು ಮಕ್ಕಳಿಗೆ ಬಿಟ್ಟದ್ದು, ಸರ್ಕಾರದ ಕೆಲಸವಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ನೋಟಿಸ್ ಪ್ರಕಟಣೆ ಜೋಡಿಯ ಇಷ್ಟಕ್ಕೆ ಬಿಟ್ಟದ್ದು ಎಂದು 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಕೂಡ ಹೇಳಿತು.

ವಯಸ್ಸೆಷ್ಟು, ಮೊದಲೇ ಮದುವೆಯಾಗಿದೆಯೇ ಎಂಬುದನ್ನು ಅಧಿಕಾರಿ ದಾಖಲೆ ನೋಡಿ ಪರಿಶೀಲಿಸಲಿ. ಗೋಡೆಗೆ ಅಂಟಿಸುವ ನಿಯಮವನ್ನು ಸಂಸತ್ತು ತೆಗೆದುಹಾಕಲಿ.

ಒಬ್ಬ ಓದುಗ, ವಿರಾಜಪೇಟೆ