ಬಹುಮಾನದ ದೃಶ್ಯ ಬೇಡ, ಮಗಳೇ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಚಿತ್ರಕಥೆಯನ್ನು ಮೂರು ಸಲ ಓದಿದೆ. ಮೊದಲ ಸಲ ಅಪ್ಪನಾಗಿ ಓದಿ ಕಣ್ಣು ತುಂಬಿಕೊಂಡೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಮೂರನೆಯ ಸಲ, ಇಪ್ಪತ್ತಾರು ವರ್ಷ ದುಡಿದ ಪ್ರೊಜೆಕ್ಷನ್ ಕೋಣೆಯ ಕಿಂಡಿಯ ಹಿಂದೆ ಮತ್ತೆ ನಿಂತಿದ್ದೇನೆ ಎಂದುಕೊಂಡು, ಒಂದೊಂದೇ ದೃಶ್ಯವನ್ನು ಮನಸ್ಸಿನಲ್ಲಿ ಓಡಿಸಿ ನೋಡಿದೆ. ಉತ್ತರ ತಡವಾದದ್ದು ಅದಕ್ಕೇ.

ಜೆರಾಕ್ಸ್ ಅಂಗಡಿಯ ಆ ಹೆಂಗಸು ನನ್ನನ್ನು ಬಿಡುತ್ತಿಲ್ಲ. ದಿನವಿಡೀ ಬೇರೆಯವರ ಕಾಗದಗಳಿಗೆ ನಕಲು ತೆಗೆಯುವವಳು. ಮಸಿ ಹರಡಿ ಕೆಟ್ಟುಹೋದ ಹಾಳೆಗಳನ್ನು ಎಸೆಯಲು ಮನಸ್ಸಾಗದೆ ಎತ್ತಿಟ್ಟುಕೊಂಡು, ಒಂದು ಮಧ್ಯಾಹ್ನ ಅವುಗಳ ಬೆನ್ನಿಗೆ ಗಿರಾಕಿಗಳ ಕೈಗಳನ್ನು ಬಿಡಿಸಲು ತೊಡಗುವವಳು. ಮುಖಗಳನ್ನಲ್ಲ, ಕೈಗಳನ್ನು. ಅರ್ಜಿ ಹಿಡಿದು ನಡುಗುವ ಕೈ, ಅಂಕಪಟ್ಟಿಯನ್ನು ಮಡಚಲು ಹೆದರುವ ಕೈ, ಆಸ್ಪತ್ರೆಯ ವರದಿಯನ್ನು ಬೋರಲು ಇಟ್ಟು ನೀಡುವ ಕೈ. ಇಷ್ಟನ್ನು ನೀನು ಎಲ್ಲಿ ನೋಡಿದೆ? ಯಾವಾಗ ನೋಡಿದೆ? ನನ್ನ ಮಗಳು ಜನರ ಕೈಗಳನ್ನು ಇಷ್ಟು ಹತ್ತಿರದಿಂದ ಗಮನಿಸುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

ಈಗ ನೀನು ಕೇಳಿದ ಪ್ರಶ್ನೆ. ದುಡ್ಡು ಹಾಕಲು ಮುಂದೆ ಬಂದವರು, ‘ಇದರಲ್ಲಿ ಏನೂ ಆಗುವುದೇ ಇಲ್ಲವಲ್ಲ’ ಎಂದಿದ್ದಾರೆ. ಕೊನೆಗೆ ಅವಳ ಚಿತ್ರಗಳು ಯಾರದೋ ಕಣ್ಣಿಗೆ ಬಿದ್ದು, ದೊಡ್ಡ ಪ್ರದರ್ಶನವಾಗಿ, ವೇದಿಕೆಯ ಮೇಲೆ ಬಹುಮಾನ ಬರಬೇಕಂತೆ. ಹಾಗೆ ಬರೆದುಕೊಟ್ಟರೆ ಹಣ ಸಿಗುತ್ತದೆ. ‘ಬರೆಯಲೇ ಅಪ್ಪಾ?’ ಎಂದು ಕೇಳಿದ್ದೀಯ.

ಬರೆಯಬೇಡ. ಇದನ್ನು ಅಪ್ಪನ ಹಟವೆಂದು ತಿಳಿಯಬೇಡ. ಕಿಂಡಿಯ ಹಿಂದೆ ನಿಂತು ಕಂಡದ್ದನ್ನು ಹೇಳುತ್ತೇನೆ, ಕೇಳು.

ಪ್ರೊಜೆಕ್ಷನ್ ಕೋಣೆಯಲ್ಲಿ ನಿಂತವನಿಗೆ ಪ್ರೇಕ್ಷಕರ ಮುಖ ಕಾಣುವುದಿಲ್ಲ, ತಲೆಯ ಹಿಂಭಾಗ ಮಾತ್ರ ಕಾಣುತ್ತದೆ. ಯಂತ್ರದ ಸದ್ದಿನಲ್ಲಿ ಅವರ ಕೆಮ್ಮು, ನಗು, ನಿಟ್ಟುಸಿರು ಯಾವುದೂ ಕೇಳಿಸುವುದಿಲ್ಲ. ಒಂದು ರೀಲು ಹೆಚ್ಚುಕಡಿಮೆ 20 ನಿಮಿಷ ಓಡುತ್ತಿತ್ತು. ಪರದೆಯ ಬಲಗಡೆಯ ಮೇಲ್ಮೂಲೆಯಲ್ಲಿ ಚುಕ್ಕೆಯೊಂದು ಮಿನುಗಿದಾಗ ಎರಡನೆಯ ಯಂತ್ರವನ್ನು ಚಾಲೂ ಮಾಡಬೇಕು, ಮುಂದಿನ ಚುಕ್ಕೆಗೆ ಚಿತ್ರವನ್ನು ಅದಕ್ಕೆ ದಾಟಿಸಬೇಕು. ನಡುವಿನ ಹೊತ್ತಿನಲ್ಲಿ ನಾನು ತಲೆಗಳನ್ನು ನೋಡುತ್ತಿದ್ದೆ. ವರ್ಷಗಟ್ಟಲೆ ನೋಡಿದ ಮೇಲೆ ಅವು ಮಾತನಾಡತೊಡಗುತ್ತವೆ.

ಗೆಲುವಿನ ದೃಶ್ಯ ಬಂದಾಗ ಆ ತಲೆಗಳು ಬಾಗುತ್ತವೆ. ಯಾಕೆ ಗೊತ್ತೇ? ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುವುದಕ್ಕೆ. ಪದಕ ಕೊರಳಿಗೆ ಬೀಳುತ್ತಿದೆ, ಸಂಗೀತ ಏರುತ್ತಿದೆ, ಜನ ಆಗಲೇ ಮನೆಗೆ ಹೊರಟಿದ್ದಾರೆ. ಅವರಿಗೆ ಅದು ಇಷ್ಟವಾಗಲಿಲ್ಲ ಎಂದಲ್ಲ. ಕಥೆ ತಮ್ಮ ಕೈಬಿಟ್ಟು ಮೇಲಕ್ಕೆ ಹೋಯಿತು, ಇನ್ನು ತಮ್ಮ ಅಗತ್ಯವಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಆದರೆ ಪರದೆಯ ಮೇಲೆ ಒಬ್ಬ ಮನುಷ್ಯ, ತನ್ನ ಪಾಡಿಗೆ ತಾನು, ಬಹಳ ದಿನಗಳಿಂದ ಮುಟ್ಟದಿದ್ದ ಏನನ್ನೋ ಮತ್ತೆ ಕೈಗೆತ್ತಿಕೊಂಡಾಗ ಅಷ್ಟೂ ತಲೆಗಳು ಅಲುಗದೆ ನಿಂತದ್ದನ್ನು ನಾನು ಕಂಡಿದ್ದೇನೆ. ಅಂಥ ಚಿತ್ರಗಳು ಬರುತ್ತಿದ್ದುದು ಭಾನುವಾರದ ಬೆಳಗಿನ ಪ್ರದರ್ಶನಕ್ಕೆ, ಇಪ್ಪತ್ತು ಮೂವತ್ತು ಜನರಿಗೆ. ಆ ನಿಶ್ಚಲತೆ, ಕಿಕ್ಕಿರಿದ ಚಿತ್ರಮಂದಿರದ ಚಪ್ಪಾಳೆಗಿಂತ ಭಾರವಾಗಿತ್ತು.

‘ಒನ್ಸ್’ ಚಿತ್ರವನ್ನು ನಿನಗೆ ತೋರಿಸಿದ್ದೆ, ನೆನಪಿದೆಯೇ? ಜಾನ್ ಕಾರ್ನಿ ನಿರ್ದೇಶಿಸಿದ, 2007ರಲ್ಲಿ ತೆರೆಕಂಡ ಐರಿಷ್ ಚಿತ್ರ. ಡಬ್ಲಿನ್ ನಗರದಲ್ಲಿ 17 ದಿನಗಳಲ್ಲಿ ಚಿತ್ರೀಕರಣ ಮುಗಿಸಿದರು. ಬೀದಿಯ ದೃಶ್ಯಗಳನ್ನು ದೂರದಿಂದ, ಉದ್ದದ ಲೆನ್ಸಿನಲ್ಲಿ ತೆಗೆದದ್ದರಿಂದ ಅಕ್ಕಪಕ್ಕ ಹಾದುಹೋಗುವ ಎಷ್ಟೋ ಜನರಿಗೆ ಅಲ್ಲೊಂದು ಸಿನಿಮಾ ನಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ. ಮುಖ್ಯ ಪಾತ್ರಗಳನ್ನು ಮಾಡಿದ ಗ್ಲೆನ್ ಹ್ಯಾನ್ಸರ್ಡ್ ಮತ್ತು ಮಾರ್ಕೆಟಾ ಇರ್ಗ್ಲೋವಾ ಇಬ್ಬರೂ ಸಂಗೀತಗಾರರು. ಆ ಪಾತ್ರಗಳಿಗೆ ಹೆಸರೇ ಇಲ್ಲ, ನಿನ್ನ ಜೆರಾಕ್ಸ್ ಅಂಗಡಿಯವಳ ಹಾಗೆ. ಅವನು ಅಪ್ಪನ ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ದುರಸ್ತಿ ಮಾಡುತ್ತಾ ಬೀದಿಯಲ್ಲಿ ಹಾಡುವವನು. ಅವಳು ಹೂ ಮಾರುವವಳು, ಮನೆಗಳನ್ನು ಶುಚಿ ಮಾಡುವವಳು. ಪಿಯಾನೊ ಕೊಳ್ಳುವ ಶಕ್ತಿಯಿಲ್ಲ, ಅಂಗಡಿಯವನ ಅನುಮತಿಯಿಂದ ಅಲ್ಲಿಯ ಪಿಯಾನೊ ನುಡಿಸುತ್ತಾಳೆ. ಇಬ್ಬರೂ ಸೇರಿ ಕೆಲವು ಹಾಡುಗಳನ್ನು ಧ್ವನಿಮುದ್ರಿಸುತ್ತಾರೆ. ಕೊನೆಗೆ ಅವನು ಲಂಡನ್ನಿಗೆ ಹೊರಡುತ್ತಾನೆ, ಹೊರಡುವ ಮುನ್ನ ಅವಳ ಮನೆಗೆ ಒಂದು ಪಿಯಾನೊ ಕಳುಹಿಸುತ್ತಾನೆ. ಅಷ್ಟೇ. ಅವನು ಪ್ರಸಿದ್ಧನಾದನೇ? ಚಿತ್ರ ಹೇಳುವುದಿಲ್ಲ.

ಇದೇ ಚಿತ್ರದ ಹಾಡಿಗೆ 2008ರಲ್ಲಿ ಆಸ್ಕರ್ ಬಂತು. ಬಹುಮಾನ ಬಂದದ್ದು ಚಿತ್ರದ ಹೊರಗೆ, ಚಿತ್ರದ ಒಳಗಲ್ಲ. ಕಾರ್ನಿ ಕೊನೆಯ ದೃಶ್ಯದಲ್ಲಿ ಅವನನ್ನು ಸಾವಿರಾರು ಜನರ ಮುಂದೆ ನಿಲ್ಲಿಸಿದ್ದರೆ, ಆ ಪಿಯಾನೊ ಮನೆಗೆ ಬಂದಾಗ ನಮ್ಮ ಎದೆಯಲ್ಲಿ ಏನಾಯಿತೋ ಅದು ಆಗುತ್ತಿರಲಿಲ್ಲ. ನಿನಗೆ ಹಣ ಕೊಡಲು ಬಂದವರಿಗೆ ಇದನ್ನು ಹೇಳು. ಒಪ್ಪದಿದ್ದರೂ ಹೇಳು.

ನಿನ್ನ ಚಿತ್ರದಲ್ಲಿ ಏನೂ ಆಗುವುದಿಲ್ಲ ಎಂದವರು 41ನೆಯ ಪುಟವನ್ನು ಸರಿಯಾಗಿ ಓದಿಲ್ಲ. ಅಷ್ಟು ದಿನ ಕೆಟ್ಟ ಹಾಳೆಗಳ ಬೆನ್ನಿಗೇ ಬಿಡಿಸುತ್ತಿದ್ದವಳು ಅಂದು ಕಟ್ಟು ಬಿಚ್ಚಿ ಒಂದು ಹೊಸ ಬಿಳಿ ಹಾಳೆಯನ್ನು ತೆಗೆಯುತ್ತಾಳೆ. ಎರಡು ಕ್ಷಣ ನಿಲ್ಲುತ್ತಾಳೆ. ತನ್ನ ಚೀಲದಿಂದ ನಾಣ್ಯ ತೆಗೆದು, ಗಿರಾಕಿಯೊಬ್ಬಳು ಕೊಡುವಂತೆಯೇ, ಗಲ್ಲಾಪೆಟ್ಟಿಗೆಗೆ ಹಾಕುತ್ತಾಳೆ. ಮಗಳೇ, ನಿನ್ನ ಸಿನಿಮಾ ಇರುವುದು ಅಲ್ಲಿಯೇ. ತನ್ನ ಕೆಲಸಕ್ಕೆ ಒಂದು ಒಳ್ಳೆಯ ಹಾಳೆ ಸಲ್ಲುತ್ತದೆ ಎಂದು ಅವಳು ತಾನೇ ತೀರ್ಮಾನಿಸಿದಳು. ಯಾವ ತೀರ್ಪುಗಾರನೂ ಅವಳಿಗೆ ಹೇಳಬೇಕಾಗಲಿಲ್ಲ. ನೀನು ಆ ದೃಶ್ಯವನ್ನು ನಾಲ್ಕು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀಯ. ಅದಕ್ಕೆ ಎರಡು ನಿಮಿಷ ಕೊಡು. ಮಾತು ಬೇಡ, ಸಂಗೀತ ಬೇಡ. ಅದರ ನಂತರದ ಹದಿನಾಲ್ಕು ಪುಟಗಳೂ ಬೇಕೇ ಎಂದು ಯೋಚಿಸು. ನನಗೆ ಬೇಡವೆನ್ನಿಸಿತು.

ಆದರೆ ಆ ನಾಣ್ಯಕ್ಕೆ ತೂಕ ಬರಬೇಕಾದರೆ ಅದಕ್ಕೆ ಮುಂಚಿನ ದಿನಗಳನ್ನು ನಾವು ಅವಳ ಜೊತೆ ಕಳೆದಿರಬೇಕು. ಇಲ್ಲಿ ನಿನ್ನ ಚಿತ್ರಕಥೆ ಅವಸರ ಮಾಡುತ್ತದೆ. ಯಂತ್ರದಲ್ಲಿ ಕಾಗದ ಸಿಕ್ಕಿಕೊಳ್ಳುವುದು ಒಂದೇ ಸಲ. ಐದು ಸಲವಾದರೂ ಸಿಕ್ಕಿಕೊಳ್ಳಲಿ. ನಿಂತು ನಿಂತು ಅವಳ ಕಾಲು ನೋಯಲಿ. ಒಂದೇ ಕೆಲಸ ದಿನದಿನವೂ ಮರುಕಳಿಸುವ ಬೇಸರ ಪ್ರೇಕ್ಷಕನಿಗೂ ಸ್ವಲ್ಪ ತಟ್ಟಬೇಕು. ಅದು ತಟ್ಟದಿದ್ದರೆ ಪೆನ್ಸಿಲ್ ಹಿಡಿಯುವುದು ಬಿಡುಗಡೆಯಾಗಿ ಕಾಣುವುದಿಲ್ಲ, ಕಾಲಹರಣವಾಗಿ ಕಾಣುತ್ತದೆ.

ಚಾರ್ಲ್ಸ್ ಬರ್ನೆಟ್ ಅವರ ‘ಕಿಲ್ಲರ್ ಆಫ್ ಶೀಪ್’ ನೋಡು. ವಿದ್ಯಾರ್ಥಿಯಾಗಿದ್ದಾಗ ಲಾಸ್ ಏಂಜಲೀಸಿನ ವಾಟ್ಸ್ ಪ್ರದೇಶದಲ್ಲಿ ವಾರಾಂತ್ಯಗಳಲ್ಲಿ ತೆಗೆದ ಚಿತ್ರ. ಖರ್ಚು 10,000 ಡಾಲರಿಗಿಂತ ಕಡಿಮೆ. ಕಸಾಯಿಖಾನೆಯಲ್ಲಿ ದುಡಿದು ಬತ್ತಿಹೋದ ಒಬ್ಬ ಮನುಷ್ಯ ಬಿಸಿ ಬಟ್ಟಲನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾನೆ. ಆ ಬೆಚ್ಚಗಿನ ಸ್ಪರ್ಶ ನಮಗೂ ತಾಗುವುದು ಅವನ ದಣಿವನ್ನು ಅಷ್ಟು ಹೊತ್ತು ಕಂಡಿರುವುದರಿಂದ. ಆ ಚಿತ್ರ ನಿನಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತದೆ. ಅದರಲ್ಲಿ ಬಳಸಿದ ಹಾಡುಗಳ ಹಕ್ಕನ್ನು ಪಡೆದಿರಲಿಲ್ಲ. 1977ರಲ್ಲಿ ಮುಗಿದ ಚಿತ್ರ ಚಿತ್ರಮಂದಿರಗಳಲ್ಲಿ ಸರಿಯಾಗಿ ಬಿಡುಗಡೆಯಾದದ್ದು 2007ರಲ್ಲಿ, ಹಕ್ಕುಗಳಿಗೆ ಹಣ ಕಟ್ಟಿದ ಮೇಲೆ. ಮೂವತ್ತು ವರ್ಷ! ನಿನ್ನ 12ನೆಯ ಪುಟದಲ್ಲಿ ರೇಡಿಯೊದಿಂದ ಹಳೆಯ ಚಿತ್ರಗೀತೆ ಕೇಳಿಬರುತ್ತದೆ ಎಂದು ಬರೆದಿದ್ದೀಯ. ಹಕ್ಕು ಕೊಳ್ಳಲು ಆಗದಿದ್ದರೆ ಅದನ್ನು ಈಗಲೇ ತೆಗೆ. ಯಂತ್ರಕ್ಕೇ ಒಂದು ಲಯವಿದೆ, ಅವಳು ಅದಕ್ಕೆ ಗುನುಗಲಿ.

ಬೆಳಕಿನ ಬಗ್ಗೆ ನಿನಗೆ ಹೆಚ್ಚು ಹೇಳಬೇಕಿಲ್ಲ. ಸತ್ಯಜಿತ್ ರಾಯ್ ತಮ್ಮ ಮೊದಲ ಚಿತ್ರಕ್ಕೆ ಆರಿಸಿಕೊಂಡ ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೂ ಮುನ್ನ ಸಿನಿಮಾ ಕ್ಯಾಮೆರಾವನ್ನು ನಡೆಸಿದವರಲ್ಲ, ಆಗ ಅವರ ವಯಸ್ಸು 21. ಮುಂದಿನ ಚಿತ್ರ, 1956ರ ‘ಅಪರಾಜಿತೊ’ದಲ್ಲಿ ಸ್ಟುಡಿಯೊದೊಳಗೆ ಕಟ್ಟಿದ ಅಂಗಳಕ್ಕೆ ಆಕಾಶದ ಬೆಳಕು ಬೇಕಾದಾಗ, ಮೇಲೆ ಬಿಳಿ ಬಟ್ಟೆ ಹರಡಿ ದೀಪಗಳನ್ನು ಅದರತ್ತ ತಿರುಗಿಸಿ, ಅಲ್ಲಿಂದ ಮರಳಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ನಿನ್ನ ಅಂಗಡಿಯಲ್ಲಂತೂ ದೀಪ ತಾನಾಗಿಯೇ ಇದೆ. ಮುಚ್ಚಳ ತೆರೆದಿಟ್ಟು ನಕಲು ತೆಗೆದಾಗ ಹಸಿರು ಛಾಯೆಯ ಬೆಳಕೊಂದು ಅವಳ ಮುಖದ ಮೇಲೆ ಈ ತುದಿಯಿಂದ ಆ ತುದಿಗೆ ಹರಿಯುತ್ತದಲ್ಲವೇ? ಅದನ್ನು ಬಳಸಿಕೋ. ನೂರು ಸಲ ಆ ಬೆಳಕು ಅವಳ ಮುಖದ ಮೇಲೆ ಹಾದರೂ ಅವಳು ಕಣ್ಣೆತ್ತುವುದಿಲ್ಲ. ಒಂದು ಸಲ ಎತ್ತುತ್ತಾಳೆ.

ಪಾತ್ರಕ್ಕೆ ನಿಜವಾದ ಜೆರಾಕ್ಸ್ ಅಂಗಡಿಯ ಹೆಂಗಸನ್ನೇ ಕರೆತರುವ ಯೋಚನೆಯಿದೆ ಎಂದಿದ್ದೀಯ. ಒಳ್ಳೆಯದು. ನಟನೆ ಕಲಿಯದವರಿಂದ ದೊಡ್ಡ ಚಿತ್ರಗಳಾಗಿವೆ. ನಮ್ಮ ಭಾಷೆಯಲ್ಲೇ ರಾಮ್ ರೆಡ್ಡಿಯವರ ‘ತಿಥಿ’ ಇದೆ. ಆದರೆ ಇಲ್ಲಿ ನನಗೊಂದು ಅಳುಕಿದೆ. 1948ರ ‘ಬೈಸಿಕಲ್ ಥೀವ್ಸ್’ನಲ್ಲಿ ಸೈಕಲ್ ಕಳೆದುಕೊಂಡ ಅಪ್ಪನ ಪಾತ್ರ ಮಾಡಿದ ಲ್ಯಾಂಬರ್ಟೊ ಮಾಜೊರಾನಿ ಕಾರ್ಖಾನೆಯ ಕೆಲಸಗಾರ. ಚಿತ್ರ ಜಗತ್ತನ್ನೇ ಸುತ್ತಿತು. ಅವನು ಮರಳಿ ಹೋದ ಮೇಲೆ ಕಾರ್ಖಾನೆಯ ಕೆಲಸ ಹೋಯಿತು, ಸಿನಿಮಾದಲ್ಲೂ ಸಣ್ಣಪುಟ್ಟ ಪಾತ್ರಗಳ ಆಚೆಗೆ ನೆಲೆ ಸಿಗಲಿಲ್ಲ. ಕೆಲಸ ಹುಡುಕಿ ಅಲೆಯುವವನ ಪಾತ್ರ ಮಾಡಿದವನಿಗೆ ಹಾಗಾಯಿತು. ಆ ಹೆಂಗಸು ನಿನ್ನ ಜೊತೆ ಕಳೆಯುವ ದಿನಗಳಿಗೆ ಅವಳ ಸಂಬಳ ಕಡಿತವಾಗಬಾರದು. ಮಾಲೀಕರ ಜೊತೆ ಮೊದಲೇ ಮಾತನಾಡು, ಬರೆಸಿಕೋ. ಕ್ಯಾಮೆರಾ ಬಾಡಿಗೆಯಲ್ಲಿ ಉಳಿಸಿದರೂ ಅವಳ ಕೂಲಿಯಲ್ಲಿ ಉಳಿಸಬೇಡ. ಈ ಒಂದು ವಿಷಯದಲ್ಲಿ ನಾನು ಸಲಹೆ ಕೊಡುತ್ತಿಲ್ಲ, ಹೇಳುತ್ತಿದ್ದೇನೆ.

ಯಾರು ನೋಡುತ್ತಾರೆ ಎಂಬ ಚಿಂತೆ ಬೇರೆ ನಿನಗೆ. ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟರು. 1976ರಲ್ಲಿ ಚಿತ್ರ ಬಂದಾಗ ಲಾರಿಗಳಲ್ಲಿ ತುಂಬಿಕೊಂಡು ಬಂದು ನೋಡಿದರು, ಅದು ಅವರದೇ ಚಿತ್ರವಾಗಿತ್ತು. ನಿನಗೆ ಅಷ್ಟು ಜನ ಸಿಗಬೇಕೆಂದಿಲ್ಲ. ಆದರೆ ಬಹುಮಾನದ ದೃಶ್ಯ ಬರೆದರೆ ಮಾತ್ರ ಹಣ ಎನ್ನುವ ಒಬ್ಬರಿಗಿಂತ, ಸ್ವಲ್ಪ ಸ್ವಲ್ಪ ಕೊಡುವ ಐವತ್ತು ಜನರನ್ನು ಹುಡುಕುವುದು ನಿಧಾನವಾದರೂ ಮರ್ಯಾದೆಯ ದಾರಿ. ಮೊದಲನೆಯವನು ನಾನು. ಎಷ್ಟು ಎಂಬುದನ್ನು ಫೋನಿನಲ್ಲಿ ಮಾತನಾಡೋಣ, ಬೇಡವೆನ್ನಬೇಡ.

ಇನ್ನೊಂದನ್ನು ಹೇಳದೆ ಮುಗಿಸಲಾರೆ. ಫ್ರಾನ್ಸಿನ ನಿರ್ದೇಶಕಿ ಆನ್ಯೆಸ್ ವಾರ್ದಾ, ಎಪ್ಪತ್ತು ದಾಟಿದ ಮೇಲೆ, ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಹೊರಟರು. ಸುಗ್ಗಿಯ ನಂತರ ಹೊಲದಲ್ಲಿ ಉಳಿದದ್ದನ್ನು ಆಯುವವರು, ಎಸೆದದ್ದನ್ನು ಹೆಕ್ಕುವವರು, ಅಂಥವರನ್ನು ಹುಡುಕಿಕೊಂಡು ಮಾಡಿದ ಸಾಕ್ಷ್ಯಚಿತ್ರ, 2000ದಲ್ಲಿ ಬಂದ ‘ದ ಗ್ಲೀನರ್ಸ್ ಆ್ಯಂಡ್ ಐ’. ಸಂತೆ ಮುಗಿದ ಮೇಲೆ ಬಿದ್ದ ಸೊಪ್ಪನ್ನು ಅಲ್ಲೇ ತಿನ್ನುತ್ತಿದ್ದ ಒಬ್ಬನನ್ನು ಅವರು ಮಾತನಾಡಿಸುತ್ತಾರೆ. ಪರಿಚಯ ಬೆಳೆದಂತೆ ತಿಳಿಯುತ್ತದೆ, ಅವನು ಸಂಜೆ ಹೊತ್ತು ವಲಸೆ ಬಂದವರಿಗೆ ಹಣ ಪಡೆಯದೆ ಓದು ಬರಹ ಕಲಿಸುತ್ತಾನೆ. ಕ್ಯಾಮೆರಾ ತರಗತಿಯ ಒಳಗೆ ಹೋಗುತ್ತದೆ. ಕರಿಹಲಗೆಯ ಮುಂದೆ ಅದೇ ಮನುಷ್ಯ. ಅದೇ ಚಿತ್ರದಲ್ಲಿ ವಾರ್ದಾ ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದು ಕೈಯ ಸುಕ್ಕುಗಳನ್ನು ಹತ್ತಿರದಿಂದ ಚಿತ್ರಿಸುತ್ತಾರೆ. ನಿನ್ನ ಕಥೆಯಲ್ಲಿ ಅವಳು ಬೇರೆಯವರ ಕೈಗಳನ್ನೇ ಬಿಡಿಸುತ್ತಾಳೆ, ತನ್ನ ಕೈಯನ್ನು ಒಮ್ಮೆಯೂ ಬಿಡಿಸಿಲ್ಲ. ಆ ಹೊಸ ಹಾಳೆಯ ಮೇಲೆ ಏನು ಮೂಡುತ್ತದೆ ಎಂಬುದನ್ನು ನೀನು ಬರೆದಿಲ್ಲ. ಮರೆತೆಯೋ, ಬೇಕೆಂದೇ ಬಿಟ್ಟೆಯೋ? ತಿಳಿಸು.

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕುಳಿತು ಒಂದು ನಾಣ್ಯವನ್ನು ಮೊದಲು ತಗಡಿನ ಡಬ್ಬಿಗೆ, ಆಮೇಲೆ ಸ್ಟೀಲ್ ಪೆಟ್ಟಿಗೆಗೆ, ಕೊನೆಗೆ ಮೇಜಿನ ಮರದ ಖಾನೆಗೆ ಹಾಕಿ ಸದ್ದನ್ನು ಮೊಬೈಲಿನಲ್ಲಿ ಹಿಡಿದೆ. ತಗಡಿನಲ್ಲಿ ಅದು ಗುಲ್ಲೆಬ್ಬಿಸುತ್ತದೆ, ಸ್ಟೀಲಿನಲ್ಲಿ ಉರುಳುತ್ತಲೇ ಇರುತ್ತದೆ. ಮರದಲ್ಲಿ ಒಂದೇ ಒಂದು ಸಲ ಟಕ್ ಎಂದು ನಿಂತುಬಿಡುತ್ತದೆ. ಮೂರನ್ನೂ ಕಳುಹಿಸಿದ್ದೇನೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳು, ಮೂರನೆಯದನ್ನು ಎರಡು ಸಲ ಕೇಳು.

ನಿನ್ನ
ಅಪ್ಪ