ಹೆಸರು ತಿಳಿಸದೆ ಹೋದ ಅಕ್ಕನವರಿಗೆ ಕೃತಜ್ಞತೆಗಳು

ಅಕ್ಟೋಬರ್ 31ರ ಸಂಜೆ ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿಯ ಮಕ್ಕಳು ಭೂತ-ಪ್ರೇತಗಳ ವೇಷ, ಮುಖವಾಡ ತೊಡುವ ಪಾಶ್ಚಾತ್ಯ ಹಬ್ಬವಾದ ಹ್ಯಾಲೋವೀನ್ ಆಚರಿಸುತ್ತಿದ್ದಾಗ, ನೆರೆಮನೆಗೆ ಅತಿಥಿಯಾಗಿ ಬಂದಿದ್ದ ತಾವು ಆಟಗಳ ಹೊಣೆಯನ್ನು ತಾವಾಗಿಯೇ ಹೊತ್ತು, ಹೆಸರನ್ನೂ ತಿಳಿಸದೆ ಹೊರಟುಹೋದಿರಿ.

ನೀರಿನಲ್ಲಿ ತೇಲುವ ಸೇಬನ್ನು ಕೈ ಹಚ್ಚದೆ ಬಾಯಿಂದ ಹಿಡಿಯುವ ಹಳೆಯ ಆಟದಲ್ಲಿ ಎಲ್ಲರ ಬಾಯಿಯೂ ಒಂದೇ ನೀರಿಗೆ ತಾಗುತ್ತದೆ, ಸಣ್ಣವರ ಮೂಗಿಗೆ ನೀರು ಹೋಗುವ ಭಯವೂ ಇದೆ ಎಂದು ವಿವರಿಸಿ, ತಾವು ಸೇಬಿನ ಹೋಳುಗಳನ್ನು ದಾರಕ್ಕೆ ಪೋಣಿಸಿ ಪ್ರತಿ ಮಗುವಿನ ಎತ್ತರಕ್ಕೆ ತಕ್ಕಂತೆ ತೂಗುಹಾಕಿದಿರಿ. ಟಿಶ್ಯೂ ಕಾಗದ ಸುತ್ತಿ ಗೆಳೆಯನನ್ನು ಈಜಿಪ್ಟಿನ ‘ಮಮ್ಮಿ’ಯಂತೆ (ಬಟ್ಟೆ ಸುತ್ತಿಟ್ಟ ಪುರಾತನ ಶವದಂತೆ) ಕಾಣಿಸುವ ಸ್ಪರ್ಧೆಯಲ್ಲಿ ಮುಖಕ್ಕೆ ಸುತ್ತಬಾರದೆಂಬ ನಿಯಮ ಹಾಕಿದ್ದು ನಿಜಕ್ಕೂ ವಿವೇಕದ ಮಾತು. ಕುಂಬಳಕಾಯಿ ಕೊರೆಯಲು ಚಾಕು ಕೊಡುವ ಬದಲು ಅದರ ಮೇಲೆ ಚಿತ್ರ ಬಿಡಿಸಲು ಕುಂಚ, ಬಣ್ಣ ಕೊಟ್ಟು, ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು, ಅಲ್ಲಿಯವರು ಅಮೆರಿಕಕ್ಕೆ ವಲಸೆ ಹೋದ ಮೇಲೆ ಕುಂಬಳಕಾಯಿ ಬಳಕೆಗೆ ಬಂತು ಎಂದು ಹೇಳಿದಾಗ ಮಕ್ಕಳು ಕಣ್ಣರಳಿಸಿ ಕೇಳಿದರು.

ಎಲ್ಲಕ್ಕಿಂತ ಹೆಚ್ಚಾಗಿ, ಮುಖವಾಡಗಳಿಗೆ ಹೆದರಿ ಅಳುತ್ತಿದ್ದ ಪುಟ್ಟ ಹುಡುಗಿಯನ್ನು ಗದರಿಸದೆ, ಒಂದು ಮುಖವಾಡವನ್ನು ಅವಳ ಕೈಗೇ ಕೊಟ್ಟು, ಅದು ಬರೀ ರಟ್ಟು ಎಂದು ಮುಟ್ಟಿ ತಿಳಿಯಲು ಬಿಟ್ಟದ್ದಕ್ಕಾಗಿ ನಮ್ಮ ಓಣಿಯ ತಾಯಂದಿರೆಲ್ಲರೂ ತಮಗೆ ಋಣಿಯಾಗಿದ್ದೇವೆ. ಬೆಳಗಾವಿಗೆ ಮತ್ತೆ ಬಂದಾಗ ತಪ್ಪದೆ ನಮ್ಮ ಮನೆಗೆ ಊಟಕ್ಕೆ ಬರಬೇಕೆಂದು ವಿನಂತಿಸುತ್ತೇವೆ.