ಬಿಲ್ ನೋಡಿ ಎಂಟ್ರಿ ಹಾಕು

ಚಿ. ಪ್ರಜ್ವಲನಿಗೆ ಅತ್ತೆಯ ಆಶೀರ್ವಾದಗಳು.

ಎರಡು ಕಡೆ ಕೆಲಸ ಸಿಕ್ಕಿದೆ, ಯಾವುದಕ್ಕೆ ಸೇರಲಿ ಅಂತ ಕೇಳಿದ್ದೀಯ. ಬೆಂಗಳೂರಿನ ಕಂಪನಿಯ ಸಂಬಳ ಜಾಸ್ತಿ, ನಿಜ. ಆದರೂ ಮೊದಲ ಎರಡು ವರ್ಷ ದಾವಣಗೆರೆಯಲ್ಲೇ ಆಡಿಟರ್ ಆಫೀಸಿನಲ್ಲಿ ಇರು ಅಂತಲೇ ನಾನು ಹೇಳುವುದು. ಬೆಂಗಳೂರಿನಲ್ಲಿ ನಿನ್ನನ್ನು ಕೂರಿಸುವುದು ಒಂದೇ ಕೆಲಸಕ್ಕೆ, ಬಂದ ಇನ್‌ವಾಯ್ಸ್ ಸಿಸ್ಟಮ್‌ಗೆ ಹಾಕುವುದು, ಮುಂದಿನದನ್ನು ತೆಗೆಯುವುದು. ಅದು ಆಮೇಲೆ ಎಲ್ಲಿಗೆ ಹೋಯಿತು, ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿ ಕೂತಿತು ಅಂತ ಗೊತ್ತೇ ಆಗುವುದಿಲ್ಲ. ದಾವಣಗೆರೆಯಲ್ಲಾದರೆ ಮೆಕ್ಕೆಜೋಳದ ಮಂಡಿಯವರದು, ಬಟ್ಟೆ ಅಂಗಡಿಯವರದು, ನರ್ಸಿಂಗ್ ಹೋಮಿನದು, ಎಲ್ಲರ ಬಿಲ್ ಕಟ್ಟುಗಳೂ ನಿನ್ನ ಟೇಬಲ್ ಮೇಲೇ ಬಂದು ಬೀಳುತ್ತವೆ. ಮೊದಲ ಬಿಲ್ಲಿನಿಂದ ರಿಟರ್ನ್ಸ್ ತನಕ ನೀನೇ ನೋಡುತ್ತೀಯ.

ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಕೋರ್ಸ್ ಮಾಡಿದ್ದೀಯ, ಒಳ್ಳೆಯದು. ಆದರೆ ಎಂಟ್ರಿಯ ವೇಗ ನೋಡಿ ಖುಷಿಪಡಬೇಡ. ಮೊದಲು ಬಿಲ್ ಓದು. ಯಾರ ಹೆಸರಿಗಿದೆ, ಜಿಎಸ್‌ಟಿ ನಂಬರ್ ನಮ್ಮ ಪಾರ್ಟಿಯದೇನಾ (ಪಾರ್ಟಿ ಅಂದರೆ ನಮ್ಮ ಆಫೀಸಿನಲ್ಲಿ ಲೆಕ್ಕ ಬರೆಸುವವರು), ಯಾವ ತಾರೀಖು, ಮಾಲು ಅಂಗಡಿಗೆ ಬಂದಿದ್ದಾ ಅಥವಾ ಯಜಮಾನರ ಮನೆಯ ಫ್ರಿಡ್ಜಾ (ಇದು ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಲ ಬರುತ್ತದೆ), ಇಷ್ಟೂ ನೋಡಿದ ಮೇಲೇ ಕೀಬೋರ್ಡ್ ಮುಟ್ಟು.

ಜಿಎಸ್‌ಟಿಯಲ್ಲಂತೂ ಬಿಲ್ ಕೈಯಲ್ಲಿದ್ದರಷ್ಟೇ ಸಾಲದು. ಒಂದು ಲಕ್ಷದ ಮಾಲಿಗೆ 18 ಪರ್ಸೆಂಟ್ ಅಂದರೆ 18,000 ತೆರಿಗೆ. ಅದನ್ನು ನಮ್ಮ ಪಾರ್ಟಿ ಕೊಟ್ಟಾಗಿದೆ. ಆದರೆ ಮಾಲು ಕೊಟ್ಟವನು ತನ್ನ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ ತೋರಿಸದಿದ್ದರೆ 14ನೇ ತಾರೀಖು ಬರುವ 2ಬಿಯಲ್ಲಿ (ನಮ್ಮ ಪಾರ್ಟಿಯ ಖರೀದಿ ಬಿಲ್‌ಗಳ ಪಟ್ಟಿ) ಅದು ಇರುವುದಿಲ್ಲ, ಕ್ರೆಡಿಟ್ಟೂ ಸಿಗುವುದಿಲ್ಲ, ಅಂದರೆ ಪಾರ್ಟಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಆ 18,000 ಕಳೆದುಕೊಳ್ಳುವಂತಿಲ್ಲ. ಅದಕ್ಕೇ 14 ಆದ ಕೂಡಲೇ ನಮ್ಮ ಪರ್ಚೇಸ್ ರಿಜಿಸ್ಟರನ್ನು (ಖರೀದಿ ಪುಸ್ತಕ) 2ಬಿ ಜೊತೆ ಇಟ್ಟು ನೋಡು. ಯಾವುದು ಬಂದಿಲ್ಲವೋ ಅದರ ಪಟ್ಟಿ ಮಾಡಿ ಪಾರ್ಟಿಗೆ ಅವತ್ತೇ ಫೋನ್ ಹಚ್ಚು. ಸೀನಿಯರ್ ಹೇಳಲಿ ಅಂತ ಕಾಯಬೇಡ.

ತಾರೀಖುಗಳು ಬಾಯಲ್ಲೇ ಇರಬೇಕು. ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ಆದಾಯ ತೆರಿಗೆ) ಕಟ್ಟಲು 7, ಪ್ರತಿ ತಿಂಗಳು ಫೈಲ್ ಮಾಡುವವರ ಜಿಎಸ್‌ಟಿಆರ್-1ಕ್ಕೆ 11, ಪಿಎಫ್, ಇಎಸ್‌ಐಗೆ 15, ಜಿಎಸ್‌ಟಿ ಕಟ್ಟುವ ರಿಟರ್ನ್ ಆದ 3ಬಿಗೆ 20. ಜೂನ್‌ನಲ್ಲಿ ಹಿಡಿದ ಟಿಡಿಎಸ್ಸನ್ನು ಜುಲೈ 7ರ ಬದಲು 8ಕ್ಕೆ ಕಟ್ಟಿದರೆ ತಿಂಗಳಿಗೆ ಒಂದೂವರೆ ಪರ್ಸೆಂಟಿನಂತೆ ಎರಡು ತಿಂಗಳ ಬಡ್ಡಿ ಹಾಕುತ್ತಾರೆ. ತಡವಾಗಿದ್ದು ಒಂದೇ ದಿನ! ಪಾರ್ಟಿ ಬಂದು ಕೂಗಾಡುವುದು ಮಾತ್ರ ನಿನ್ನ ಮೇಲೆ.

ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವ ಕೆಲಸ ಯಾರಿಗೂ ಬೇಡ, ಬೇಜಾರು. ಗೊತ್ತಾಗದ್ದನ್ನೆಲ್ಲ ಸಸ್ಪೆನ್ಸ್ ಅನ್ನುವ ತಾತ್ಕಾಲಿಕ ಖಾತೆಗೆ ತಳ್ಳಿ ಮಾರ್ಚ್‌ನಲ್ಲಿ ನೋಡೋಣ ಅನ್ನುತ್ತಾರೆ, ಮಾರ್ಚ್‌ನಲ್ಲಿ ಯಾರಿಗೂ ನೆನಪಿರುವುದಿಲ್ಲ. ನೀನು ವಾರಕ್ಕೊಮ್ಮೆ ಮಾಡಿಬಿಡು.

ಇನ್ನೊಂದು ಮಾತು, ಇದನ್ನು ಸುಮ್ನೆ ಹೇಳುತ್ತಿಲ್ಲ. ಯಾವತ್ತಾದರೂ ಯಾರಾದರೂ, ಪಾರ್ಟಿಯೋ ಜೊತೆಯಲ್ಲಿರುವವರೋ, "ನಿನ್ನ ಪ್ಯಾನ್, ಆಧಾರ್ ಕೊಡು, ಒಂದು ಜಿಎಸ್‌ಟಿ ರಿಜಿಸ್ಟ್ರೇಷನ್ ಮಾಡಿಸೋಣ, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂದರೆ ಕೊಡಬೇಡ. ಮಾಲೇ ಇಲ್ಲದೆ ಬಿಲ್ ಮಾತ್ರ ಬರೆದುಕೊಡುವವರು ಹೀಗೆ ಏನೂ ಗೊತ್ತಿಲ್ಲದ ಹುಡುಗರ ಹೆಸರು ಹುಡುಕುತ್ತಾರೆ. ನೋಟಿಸ್ ಬರುವುದು ನಿನ್ನ ಹೆಸರಿಗೆ. ಎಂಟ್ರಿಗೆ ಹಳೇ ತಾರೀಖು ಹಾಕು ಅಂತ ಹೇಳುವವರೂ ಇರುತ್ತಾರೆ. ಕಂಪನಿಗಳ ಲೆಕ್ಕದಲ್ಲಿ 2023ರ ಏಪ್ರಿಲ್ 1ರಿಂದ ಯಾವ ಎಂಟ್ರಿಯನ್ನು ಯಾವಾಗ ತಿದ್ದಿದರು ಅನ್ನುವ ದಾಖಲೆ ಸಾಫ್ಟ್‌ವೇರಿನಲ್ಲೇ ಉಳಿಯಬೇಕು ಅಂತ ನಿಯಮ ಇದೆ. ಆಡಿಟರನ್ನು ಕೇಳಿ ಹೇಳ್ತೀನಿ ಅಂದುಬಿಡು, ಜಗಳ ಬೇಡ.

ಸಿಎ ಮಾಡಬೇಕು ಅಂತಿದ್ದೀಯಲ್ಲ, ಬಿಕಾಂನಲ್ಲಿ 55 ಪರ್ಸೆಂಟ್ ದಾಟಿದ್ದರೆ ಫೌಂಡೇಶನ್ ಬೇಡ, ನೇರ ಇಂಟರ್‌ಮೀಡಿಯೇಟ್‌ಗೆ ಹೆಸರು ನೋಂದಾಯಿಸಬಹುದು. ಆದರೆ ಈಗ ಮಾಡುವ ಕೆಲಸ ಆರ್ಟಿಕಲ್‌ಶಿಪ್ (ಸಿಎ ಆಗಲು ಮಾಡಲೇಬೇಕಾದ ತರಬೇತಿ) ಲೆಕ್ಕಕ್ಕೆ ಬರುವುದಿಲ್ಲ. ಇಂಟರ್‌ಮೀಡಿಯೇಟ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಅದು ಶುರು, ಹೊಸ ಪದ್ಧತಿಯಲ್ಲಿ ಎರಡು ವರ್ಷ. ಓದಲು ಬೆಳಗ್ಗೆ ಎರಡು ಗಂಟೆ ಸಿಗುತ್ತಾ ಅಂತ ನೋಡಿಕೊಂಡೇ ಫೀಸ್ ಕಟ್ಟು.

ಸಂಬಳ ಕಡಿಮೆ ಅಂತ ನಿಮ್ಮಪ್ಪ ಗೊಣಗುತ್ತಾನೆ. ಅವನ ಹತ್ತಿರ ನಾನು ಮಾತಾಡುತ್ತೇನೆ, ನೀನು ಸೋಮವಾರ ಆಡಿಟರಿಗೆ ಫೋನ್ ಮಾಡಿ ಯಾವತ್ತಿಂದ ಬರಲಿ ಅಂತ ಕೇಳು.

ನಿನ್ನ ಅತ್ತೆ